ಪೊಲೀಸ್ ಹಾಡಿನ ನಡುವೆ ಹಾಜರಿ

ಒಂದು ಕೈಕುರ್ಚಿ, ಆಟಕ್ಕೊಂದು ಗೋಲಿ ಸೋಡಾ, ಒಂದು ಹಾಡಿನೊಳಗಿದ್ದ ಊರಿನ ಹೆಸರು. ನಮ್ಮ ಕ್ಲಾರಿಯೊನೆಟ್ಟಿನವನ ರಾತ್ರಿ ಹಾಜರಿಯನ್ನು ಠಾಣೆಯ ಬದಲು ನಾಟಕದ ಥೇಟರಿನಲ್ಲೇ ತೆಗೆದುಕೊಳ್ಳಲು ಹೊಸಪೇಟೆಯ ದಫೇದಾರರು ನನ್ನಿಂದ ಪಡೆದದ್ದು ಇಷ್ಟೇ. ಅಗ್ಗಕ್ಕೆ ಮುಗಿಯಿತು ಎಂದುಕೊಂಡೆ. ಕಂಪ್ಲಿಯ ಬೆಲ್ಲವನ್ನು ತಲೆಯ ಮೇಲೆ ಹೊತ್ತು ಮಾರಿ, ಆಮೇಲೆ ಸ್ವಂತ ಬಂಡಿ, ಆಮೇಲೆ ಅಂಗಡಿ ಅಂತ ಮೇಲೆ ಬಂದವನು ನಾನು. ಯಾವುದು ಅಗ್ಗ ಯಾವುದು ತುಟ್ಟಿ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದು ಮದರಾಸು ಸರ್ಕಾರದ ಕಾಲ. ಸುಗ್ಗಿ ಮುಗಿದ ಮೇಲೆ ಗದಗಿನ ಕಡೆಯಿಂದ ನಾಟಕ ಕಂಪನಿ ಬರುತ್ತಿತ್ತು. ಜಾಗ, ತಗಡು, ದೀಪ, ಪೊಲೀಸರ ಪರವಾನಗಿ ನನ್ನದು, ಆಟ ಅವರದು. ಆ ವರ್ಷ ಕಂಪನಿಯ ಕ್ಲಾರಿಯೊನೆಟ್ ವಾದಕ ಮಾಲಕರೊಡನೆ ಜಗಳವಾಡಿ ರೈಲು ಹತ್ತಿ ಹೋದ. ಅವನ ಜಾಗಕ್ಕೆ ಮದುವೆಯ ಬ್ಯಾಂಡಿನಲ್ಲಿ ಊದುತ್ತಿದ್ದ ಒಬ್ಬನನ್ನು ನಾನೇ ಕರೆತಂದೆ. ಕಾಲುವೆಯ ಆಚೆ ಗುಡಿಸಲುಗಳಲ್ಲಿದ್ದ ಜನದವನು. ಯಾರು ಏನು ಕದ್ದರು ಎಂದು ಕೇಳದೆ, ಹುಟ್ಟಿದ ಕುಲವನ್ನೇ ನೋಡಿ ಸರ್ಕಾರ ಕಳ್ಳರ ಪಟ್ಟಿಗೆ ಸೇರಿಸಿದ್ದ ಜನ. ಅವರ ಗಂಡಸರು ರಾತ್ರಿ ಊಟದ ಹೊತ್ತು ಮುಗಿಯುತ್ತಲೇ ಠಾಣೆಯ ಕಟ್ಟೆಯ ಮುಂದೆ ಸಾಲಾಗಿ ನಿಂತು, ಹೆಸರು ಕರೆದಾಗ ಹಾಜರ್ ಅನ್ನಬೇಕು. ಅನ್ನದಿದ್ದರೆ ಕೇಸು. ಇವನು ಹುಡುಗನಿದ್ದಾಗಿನಿಂದ ಹಾಗೆ ನಿಂತವನು. ಆಗ ಮೂವತ್ತರ ಆಸುಪಾಸು. ಹೆಂಡತಿ, ಕಣ್ಣು ಮಂಜಾದ ತಾಯಿ.

ಮಾಲಕರು ಒಂದೇ ಹಾಡು ಕೇಳಿ ಮರುಳಾದರು. ಇಲ್ಲಿಯ ಕ್ಯಾಂಪು ಮುಗಿಸಿ ವಿಜಾಪುರಕ್ಕೆ ಹೋಗುವಾಗ ಬಳ್ಳಾರಿಯ ದೊಡ್ಡ ಪೊಲೀಸ್ ಸಾಹೇಬರಿಂದ ಊರು ಬಿಡುವ ರಹದಾರಿ ತಂದರೆ ಕಾಯಂ ಮಾಡಿಕೊಳ್ಳುತ್ತೇನೆ, ಹೆಂಡತಿ ತಾಯಿಯನ್ನೂ ಕರೆದುಕೊಂಡು ಬಾ ಎಂದರು. ನಾನು ಅರ್ಜಿ ಬರೆಸಿ ಕಳಿಸಿದೆ. ಕ್ಯಾಂಪು ಮುಗಿಯುವವರೆಗೆ ಹಾಜರಿಯಲ್ಲಿ ಒಂದು ರಾತ್ರಿಯೂ ತಪ್ಪಿರಬಾರದು, ಆಮೇಲೆ ನೋಡೋಣ ಎಂದು ಬಳ್ಳಾರಿಯಿಂದ ಮಾತು ಬಂತು. ಹಾಜರಿಯ ಹೊತ್ತೂ ಆಟದ ಹೊತ್ತೂ ಒಂದೇ. ಊದಿದರೆ ರಹದಾರಿ ಇಲ್ಲ, ಊದದಿದ್ದರೆ ಕಂಪನಿ ಇಲ್ಲ.

ಅದಕ್ಕೇ ನಾನು ದಫೇದಾರರ ಹತ್ತಿರ ಕೂತೆ. ಠಾಣೆಗೂ ಥೇಟರಿಗೂ ನಡುವೆ ಒಂದು ಸಂತೆ ಬಯಲು ಮಾತ್ರ. ಕ್ಲಾರಿಯೊನೆಟ್ಟು ಕೇಳುತ್ತಿದೆ ಎಂದರೆ ಮನುಷ್ಯ ಇದ್ದಾನೆ ಎಂದೇ ಅಲ್ಲವೇ, ಬಾಯಿಂದ ಹಾಜರ್ ಅನ್ನುವವನು ಆಮೇಲೆ ಓಡಿಹೋಗಬಹುದು, ಊದುತ್ತಿರುವವನು ಎಲ್ಲಿಗೆ ಹೋದಾನು ಎಂದು ವಾದ ಹೂಡಿದೆ. ಅವರು ನಕ್ಕರು. ಕುರ್ಚಿಗೆ ಒಪ್ಪಿದರು, ಸೋಡಾಕ್ಕೆ ಒಪ್ಪಿದರು. ಆಮೇಲೆ ಹಾಡಿನ ಮಾತು ತೆಗೆದರು.

ಆ ಹಾಡಿನ ಬಗ್ಗೆ ಹೇಳಲೇಬೇಕು. ನಾಟಕ ಪೌರಾಣಿಕ, ಆದರೂ ನಡುವೆ ಒಂದು ಪೊಲೀಸ್ ಪಾರ್ಟು ಇಲ್ಲದಿದ್ದರೆ ನಮ್ಮ ಕಡೆ ಜನ ತಗಡು ಬಡಿಯುತ್ತಿದ್ದರು. ಹಾಸ್ಯಗಾರ ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಕೆಂಪು ರುಮಾಲು ಸುತ್ತಿಕೊಂಡು ಬಂದು ಹಾಡುತ್ತಿದ್ದ. ಕಳ್ಳನ ಪಾರ್ಟಿಗೆ ಮನುಷ್ಯರಿಲ್ಲ, ಕ್ಲಾರಿಯೊನೆಟ್ಟೇ ಕಳ್ಳ. ಪೊಲೀಸ ಎಡಕ್ಕೆ ತಿರುಗಿ ಯಾರಲೇ ಅಲ್ಲಿ ಅಂದರೆ ವಾದ್ಯ ಬಲಗಡೆಯಿಂದ ಬಂದ ಹಾಗೆ ಮೆಲ್ಲಗೆ ಕೂಗುವುದು. ಬಲಕ್ಕೆ ಓಡಿದರೆ ಬೆನ್ನ ಹಿಂದೆ ಗೊರಕೆ ಹೊಡೆಯುವುದು. ಕೊನೆಗೆ ಪೊಲೀಸ ದಣಿದು ಮಲಗಿದರೆ ಅವನ ಸೀಟಿಯನ್ನೇ ಕದ್ದು ಊದುವುದು. ಹಾಡಿನಲ್ಲಿ ಇವನು ಹೊಸಪೇಟೆಯ ಪೊಲೀಸ ಎಂದಿತ್ತು.

"ಅದನ್ನ ತಗೀರಿ ಸಾವ್ಕಾರ್ರ," ಅಂದರು ದಫೇದಾರರು.

"ತಗದ್ರ ಲಯ ಹಾಳಾಗತೈತ್ರಿ."

"ಸಂಡೂರಿನ ಪೊಲೀಸ ಅನಸ್ರಿ. ಲಯಾನೂ ಕೂಡತೈತಿ, ನನ್ನ ನೌಕರೀನೂ ಉಳೀತೈತಿ."

ಸಂಡೂರು ಬೇರೆ ಸಂಸ್ಥಾನ, ಅಲ್ಲಿಯ ಪೊಲೀಸರೇ ಬೇರೆ. ಅವರು ಬಂದು ಹೊಸಪೇಟೆಯಲ್ಲಿ ಯಾರನ್ನೂ ಹಿಡಿಯುವಂತಿರಲಿಲ್ಲ. ಹಾಸ್ಯಗಾರ ಕೇಳಿ, ಹಾಗಾದರೆ ಸಂಡೂರಿಗೆ ಆಟ ಹೋದಾಗ ಮತ್ತೆ ಹೊಸಪೇಟೆಯವನನ್ನೇ ಮಲಗಿಸೋಣ ಎಂದ. ಒಪ್ಪಂದ ಬಾಯಿಮಾತಿನಲ್ಲೇ ಮುಗಿಯಿತು. ಅಂಥದ್ದನ್ನು ಕಾಗದದಲ್ಲಿ ಕೇಳಿದರೆ ಅವರು ಎದ್ದು ಹೋಗುತ್ತಿದ್ದರು.

ಅಲ್ಲಿಂದ ಪ್ರತಿ ಆಟಕ್ಕೂ ದಫೇದಾರರು ಮುಂದಿನ ಸಾಲಿನಲ್ಲಿ ಕೂತು ಸೋಡಾ ಕುಡಿದು ಹಾಜರಿ ಹಾಕಿಕೊಳ್ಳುತ್ತಿದ್ದರು. ಬೇಸರವಾದ ದಿನ ಠಾಣೆಯ ಕಟ್ಟೆಯ ಮೇಲೆ ಮಲಗಿಯೇ ಕೇಳುತ್ತಿದ್ದರು. ನಮ್ಮವನು ಎಷ್ಟು ಚೆನ್ನಾಗಿ ಊದುತ್ತಿದ್ದ ಎಂದರೆ ಆ ಒಂದು ಹಾಡಿಗಾಗಿ ಬಂಡ್ರಿಯಿಂದ ಬಂಡಿ ಕಟ್ಟಿಕೊಂಡು ಜನ ಬಂದರು. ಆದರೆ ಅವನು ಊದುವುದರಲ್ಲಿ ಎಲ್ಲೂ ಬಿಡುವಿರುತ್ತಿರಲಿಲ್ಲ. ಹಾಡು ನಿಂತಲ್ಲೂ ಒಂದು ಸಣ್ಣ ಸ್ವರ ಹಿಡಿದೇ ಇರುತ್ತಿದ್ದ. ಹಾರ್ಮೋನಿಯಂನವರು, ಇವನು ನನ್ನ ಸ್ವರಗಳನ್ನೆಲ್ಲ ತುಳಿಯುತ್ತಾನೆ ಎಂದು ನನ್ನ ಹತ್ತಿರ ದೂರು ತಂದರು. ಕರೆದು ಕೇಳಿದೆ.

"ಉಸುರು ತಗೋಳಾಕ ಅಂಜಿಕಿ ಆಗತೈತ್ರಿ ಸಾವ್ಕಾರ್ರ. ಅಷ್ಟರಾಗ ಅವರು ಕಿವಿ ಕೊಟ್ಟು, ಇಂವ ಇಲ್ಲ ಅಂತ ಬರಕೊಂಡ್ರ?"

ಹಾಗೇನಾಗುವುದಿಲ್ಲ, ಎಲ್ಲ ನಾನು ನೋಡಿಕೊಂಡಿದ್ದೇನೆ ಎಂದೆ. ಅವನು ತಲೆಯಾಡಿಸಿದ. ಆ ರಾತ್ರಿಯೂ ಹಾಗೇ ಊದಿದ.

ಕ್ಯಾಂಪಿನ ಕೊನೆಯ ವಾರ ನಾನು ಬೆಲ್ಲದ ಖರೀದಿಗೆ ಕಂಪ್ಲಿಗೆ ಹೋಗಿದ್ದೆ. ಆಲೆಮನೆಯವರ ಜೊತೆ ದರ ಕುದುರಲು ತಡವಾಗಿ, ಬಂಡಿ ಊರು ಮುಟ್ಟುವ ಹೊತ್ತಿಗೆ ಆಟ ಶುರುವಾಗಿತ್ತು. ಹಿಂಬದಿಯ ಬಾಗಿಲಿನಿಂದ ಒಳಗೆ ಬಂದು ನೋಡಿದರೆ ಕೈಕುರ್ಚಿಯಲ್ಲಿ ಪೊಲೀಸರ ಕೆಂಪು ರುಮಾಲು ಸುತ್ತಿದ ತಲೆ ಕಾಣಿಸಿತು. ರೂಢಿಯಂತೆ ಸೋಡಾ ಕಳಿಸಿದೆ. ಮುಂದೆ ಹೋಗಿ ಮುಖ ನೋಡಲಿಲ್ಲ. ಅಂದು ಬೆಳಿಗ್ಗೆ ನಮ್ಮ ದಫೇದಾರರಿಗೆ ಕಂಪ್ಲಿಗೇ ವರ್ಗವಾಗಿತ್ತೆಂದು ಆಮೇಲೆ ತಿಳಿಯಿತು; ದಾರಿಯಲ್ಲಿ ನಮ್ಮ ಎರಡು ಬಂಡಿಗಳು ಎದುರುಬದುರಾಗಿ ಹಾದಿದ್ದರೂ ಇರಬಹುದು. ಕುರ್ಚಿಯಲ್ಲಿದ್ದದ್ದು ಅವರ ಜಾಗಕ್ಕೆ ಬಂದ ಹೊಸಬರು. ಠಾಣೆಯ ಮುಂದೆ ಹೆಸರು ಕರೆದಿದ್ದಾರೆ, ಇವನಿಲ್ಲ. ಗುಡಿಸಲಿಗೆ ಹೋಗಿ ಕೇಳಿದರೆ ಆ ಮುದುಕಿ, ನನ್ನ ಮಗ ನಾಟಕದಾಗ ಅದಾನ್ರಿ ಎಂದು ಹೆಮ್ಮೆಯಿಂದಲೇ ಹೇಳಿದಳಂತೆ. ಥೇಟರಿಗೆ ಬಂದರೆ ಗೇಟಿನವನು ಪೊಲೀಸರೆಂದು ಕುರ್ಚಿ ತೋರಿಸಿದ. ಅವರು ಕೂತರು. ಸೋಡಾವನ್ನೂ ಕುಡಿದರು.

ಪೊಲೀಸ್ ಹಾಡು ಬಂತು. ಹಾಸ್ಯಗಾರ ರಂಗದ ಅಂಚಿಗೆ ಬಂದು ಯಾರಲೇ ಅಲ್ಲಿ ಅಂದ. ಕ್ಲಾರಿಯೊನೆಟ್ಟು ಕೂಗಿತು. ಕೈಕುರ್ಚಿಯಿಂದ ಎದ್ದವರು ನೇರ ವಾದ್ಯದವರ ಗುಂಡಿಗೆ ಇಳಿದು ನಮ್ಮವನ ಕುತ್ತಿಗೆಗೆ ಕೈ ಹಾಕಿದರು. ಸ್ವರ ಅರ್ಧಕ್ಕೆ ತುಂಡಾಯಿತು. ಜನ ಇದೂ ಆಟದ್ದೇ ಎಂದು ತಿಳಿದು ಬಿದ್ದು ಬಿದ್ದು ನಕ್ಕರು. ನಿಜವಾದ ಪೊಲೀಸರ ಹಾಗೇ ಕಾಣಿಸುತ್ತಾನೆ ಎಂದು ಹಿಂದಿನ ಚಾಪೆಯಲ್ಲಿ ಯಾರೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವನನ್ನು ಎಳೆದುಕೊಂಡು ಬಾಗಿಲು ದಾಟುವವರೆಗೂ ಚಪ್ಪಾಳೆ. ಆಮೇಲೆ ವನ್ಸ್ ಮೋರ್ ಶುರುವಾಯಿತು. ಹಾಸ್ಯಗಾರ ದಿಂಬು ಹಿಡಿದುಕೊಂಡು ನನ್ನ ಕಡೆ ನೋಡಿದ. ಮಾಲಕರು ಒಳಗಿನಿಂದ ಕೈ ಮಾಡಿದರು. ಬರಿ ಹಾರ್ಮೋನಿಯಂ ಇಟ್ಟುಕೊಂಡು ಅದೇ ಹಾಡನ್ನು ಇನ್ನೊಮ್ಮೆ ಹಾಡಿದರು.

ನಾನು ಠಾಣೆಗೆ ಓಡಿದೆ. ಬೇಡಿದೆ, ವಾದಿಸಿದೆ, ಅವನು ಅಲ್ಲೇ ಇದ್ದದ್ದನ್ನು ಊರೆಲ್ಲ ಕೇಳಿದೆಯಲ್ಲ ಎಂದೆ.

"ನಾಟಕದಾಗ ಹಾಜರ್, ಠಾಣ್ಯಾಗ ಗೈರಹಾಜರ್," ಅಂದರು ಹೊಸಬರು. "ನನಗ ಯಾವುದ್ರ ಪಗಾರ ಕೊಡತಾರ್ರಿ?"

ಮರುದಿನ ಕಂಪ್ಲಿಗೆ ಹೋಗಿ ಹಳೆಯ ದಫೇದಾರರನ್ನು ಹಿಡಿದೆ. ಒಂದು ಮಾತು ಹೇಳಿ, ನಾನೇ ಒಪ್ಪಿದ್ದೆ ಎನ್ನಿ, ಅಷ್ಟು ಸಾಕು ಎಂದೆ. ಅವರು ಎಲೆಗೆ ಸುಣ್ಣ ಸವರಿದರು. "ನನಗೂ ಮಕ್ಕಳದಾವ್ರಿ," ಅಂದರು. ಕೆಟ್ಟ ಮನುಷ್ಯರಲ್ಲ. ಹೇಳಿದ್ದರೆ ಅವರ ನೌಕರಿ ಹೋಗುತ್ತಿತ್ತು, ಅದೂ ನಿಜ. ಅದಕ್ಕೇ ನನಗೆ ಬೈಯಲೂ ಆಗಲಿಲ್ಲ.

ಅವನಿಗೆ ಬಳ್ಳಾರಿ ಜೈಲಾಯಿತು. ಕಂಪನಿ ಬೇರೆ ಊರಿನ ವಾದಕನನ್ನು ತರಿಸಿಕೊಂಡು ವಿಜಾಪುರಕ್ಕೆ ಹೋಯಿತು. ರಹದಾರಿಯ ಅರ್ಜಿ ಏನಾಯಿತೆಂದು ಕೇಳುವುದಕ್ಕೇ ಅರ್ಥ ಉಳಿಯಲಿಲ್ಲ. ತಾಯಿ ಆ ಮಳೆಗಾಲದಲ್ಲೇ ಹೋದಳು. ನನ್ನ ಮಾತಿನಿಂದಲೇ ಹಿಂಗಾತೇನ್ರಿ ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು.

ಅವನು ಬಿಡುಗಡೆಯಾಗಿ ಬಂದಾಗ ಮುಂದಿನ ಮೇಲ್ಹಲ್ಲು ಎರಡು ಇರಲಿಲ್ಲ. ಆ ಎರಡು ಹಲ್ಲು ವಾದ್ಯದ ಮೇಲೆ ಕೂರದಿದ್ದರೆ ಕ್ಲಾರಿಯೊನೆಟ್ಟಿನಲ್ಲಿ ಬರುವುದು ಗಾಳಿ ಮಾತ್ರ. ಬೆಲ್ಲದ ಕೋಣೆಯಲ್ಲಿ ಕೆಲಸ ಕೊಟ್ಟೆ. ಬೆಲ್ಲದ ಪೆಂಟೆ ಹೊತ್ತ, ಬಂಡಿ ತುಂಬಿದ, ಹೊತ್ತು ಮುಳುಗಿದ ಮೇಲೆ ಎಲ್ಲರಿಗಿಂತ ಮೊದಲೇ ಹೋಗಿ ಠಾಣೆಯ ಮುಂದೆ ನಿಂತ. ಒಂದು ವರ್ಷ ಹೀಗೆ. ಆಮೇಲೆ ಆ ಗುಡಿಸಲುಗಳನ್ನೇ ಸರ್ಕಾರ ಬೇರೆ ಕಡೆ ಎತ್ತಿ ಹಾಕಿತು. ಅವನು ಎಲ್ಲಿದ್ದಾನೆ ಎಂದು ಚೋರನೂರಿನ ತನಕ ವಿಚಾರಿಸಿದ್ದೇನೆ. ಗೊತ್ತಾಗಿಲ್ಲ.

ಆಟ, ಬ್ಯಾಂಡು, ಮೇಳ ಏನೇ ನಡೆಸುವವರು ನೀವಾಗಿದ್ದರೆ ನನ್ನ ಮಾತು ಕೇಳಿ. ಠಾಣೆಯೊಡನೆ ಬಾಯಿಮಾತಿನ ವ್ಯವಹಾರ ಮಾಡಿದ್ದರೆ ಅದು ಆ ಮನುಷ್ಯ ಅಲ್ಲಿರುವವರೆಗೆ ಮಾತ್ರ ಎಂದು ತಿಳಿಯಿರಿ. ದಿನಾ ಬೆಳಿಗ್ಗೆ ಯಾರನ್ನಾದರೂ ಕಳಿಸಿ, ಇವತ್ತು ಯಾರಿದ್ದಾರೆ ಎಂದು ನೋಡಿಸಿ. ಆಳು ಬದಲಾಗಿದ್ದರೆ ಅಂದಿನ ಆಟ ನಿಲ್ಲಿಸಿ. ಜನ ಬೈದರೆ ಬೈಯಲಿ, ಟಿಕೀಟಿನ ಹಣ ಹಿಂದಕ್ಕೆ ಕೊಡಿ. ನಿಮ್ಮವನನ್ನು ನೀವೇ ಜೊತೆಗೆ ಕರೆದುಕೊಂಡು ಹೋಗಿ ಹೊಸಬರ ಮುಂದೆ ನಿಲ್ಲಿಸಿ, ಹೆಸರು ಕರೆಯುವವರೆಗೆ ಕಾದು, ಅವನು ಹಾಜರ್ ಅಂದದ್ದನ್ನು ನಿಮ್ಮ ಕಿವಿಯಿಂದ ಕೇಳಿಕೊಂಡೇ ಬನ್ನಿ. ಇಷ್ಟು ಮಾಡಿದರೂ ಅವನು ಉಳಿಯುತ್ತಾನೆ ಎಂದು ನಾನು ಹೇಳಲಾರೆ. ಆದರೂ ಮಾಡಿ.