ಬೋಂಡನ ಹಗ್ಗ

ಕೆನ್ಯಾದ ಲೊರೆಶೋ ಬಡಾವಣೆಯ ನಮ್ಮ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯದವನು ನಮ್ಮ ನಾಯಿ ಬೋಂಡ ಒಬ್ಬನೇ. ಹದಿಮೂರರ ಮಗಳು ತಾರಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ವಾರವಿಡೀ ಅವಳು ಕಾಯುತ್ತಿದ್ದ ಕಾಡಿನ ವಾಕಿಂಗಿಗೆ ಹೋದೆವು. ಗೇಟಿನಲ್ಲಿ ಗಾರ್ಡಮ್ಮ, "ನಾಯಿಯ ಹಗ್ಗ ಬಿಚ್ಚುವಂತಿಲ್ಲ, ಬಿಚ್ಚಿದರೆ ವಾಪಸ್" ಎಂದರು.

"ಇವನಿಗೆ ಹಗ್ಗ ಯಾಕೆ ಮೇಡಂ? ಇಷ್ಟು ಮಾತು ಕೇಳುವ ನಾಯಿ ಕೆನ್ಯಾದಲ್ಲೇ ಇಲ್ಲ" ಎಂದು ಬಿಚ್ಚಿ ತೋರಿಸಿದೆ. ಅಷ್ಟರಲ್ಲಿ ಮರದಿಂದ ಕೋತಿಯೊಂದು ಇಳಿಯಿತು. ಬೋಂಡ ಅದರ ಹಿಂದೆ ಓಡಿದ.

"ಬಾರೋ, ಬಿಸ್ಕತ್ತು ಕೊಡ್ತೀನಿ" ಎಂದು ಕೂಗಿದೆ. ಹೀಗೇ ಕರೆದು ಬರಿಗೈ ತೋರಿಸಿ ಎಷ್ಟೋ ಸಲ ಅವನನ್ನು ಏಮಾರಿಸಿದ್ದೆನಲ್ಲ, ತಿರುಗಿಯೂ ನೋಡಲಿಲ್ಲ. ಗಾರ್ಡಮ್ಮ ನಮಗೆ ಹೊರಗಿನ ದಾರಿ ತೋರಿಸಿದರು.

ಆಗ ತಾರಾ ಸೊಂಟದ ಮೇಲೆ ಕೈಯಿಟ್ಟು, ಥೇಟ್ ಅವರಮ್ಮನ ರಾಗದಲ್ಲಿ, "ಲೋ ಬೋಂಡಾ, ನೀನು ಬರ್ತೀಯೋ, ನಾನೇ ಬರ್ಲೋ?" ಎಂದಳು. ಬೋಂಡ ಬಾಲ ಮುದುರಿಕೊಂಡು ಬಂದ. ನನ್ನ ಎದೆ ಉಬ್ಬಿಹೋಯಿತು.

ಗಾರ್ಡಮ್ಮ ನನ್ನ ಕೈಯಲ್ಲಿದ್ದ ಹಗ್ಗವನ್ನು ಕಸಿದು ತಾರಾಳ ಕೈಗೆ ಕೊಟ್ಟು, "ಅಪ್ಪನನ್ನೂ ಪಕ್ಕದಲ್ಲೇ ಇಟ್ಟುಕೋ" ಎಂದು ಒಳಗೆ ಬಿಟ್ಟರು.

ಮಗಳ ಬಾಯಲ್ಲಿ ಕನ್ನಡ ಬರಲಿ ಅಂತಲೇ ಹಗ್ಗ ಬಿಚ್ಚಿದ್ದು ಎಂದು ಹೆಂಡತಿಗೆ ಹೇಳಿದ್ದೇನೆ. ಕೋತಿಯನ್ನು ಕರೆಸಿದ್ದೂ ನಾನೇ ಅಂದಾಗ ಮಾತ್ರ ಅವಳಿಗೆ ಸ್ವಲ್ಪ ಅನುಮಾನ ಬಂತು.