ಹಳದಿ ಕಾರಿನ ಕೊನೆಯ ಸುತ್ತು

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಧಾರವಾಡದ ಸಪ್ತಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ಕಾರ್ ಪಂದ್ಯ ನಡೆಯುತ್ತಿತ್ತು. ಕಾರುಗಳಿರಲಿಲ್ಲ. ಅವನ್ನು ಓಡಿಸುವ ಹೆಂಗಸರೂ ಇರಲಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಚಾಪೆ, ಚಾಪೆಯ ಮೇಲೆ ನಾಲ್ಕು ಕವಡೆ, ಅಷ್ಟೇ.

ಅಂತರ್ಜಾಲದ ಒಂದು ಚರ್ಚಾತಾಣದಲ್ಲಿ ನಾನು ಕೆಲವು ವರ್ಷ ನಡೆಸಿದ ಆಟ ಅದು. ಒಬ್ಬರೇ ಕೂರುವ, ಮೇಲೆ ಚಾವಣಿಯಿಲ್ಲದ, ಚಕ್ರಗಳು ಮೈಯಿಂದ ಹೊರಗೆ ಚಾಚಿದ ರೇಸ್ ಕಾರುಗಳು, ಓಡಿಸುವವರೆಲ್ಲ ಹೆಂಗಸರು, ಎಲ್ಲರೂ ಕಲ್ಪಿತರು. ಆಡುವವರು ಒಬ್ಬೊಬ್ಬ ಚಾಲಕಿಯನ್ನು ಹುಟ್ಟಿಸಿ, ಅವಳಿಗೆ ಊರು, ವಯಸ್ಸು, ಸ್ವಭಾವ ಕೊಟ್ಟು ನನಗೆ ಒಪ್ಪಿಸಬೇಕು. ಪಂದ್ಯದ ಹಿಂದಿನ ದಿನ ಒಂದು ಸಂದೇಶ ಕಳಿಸಬೇಕು: ಯಾವ ಟೈರು, ಅದನ್ನು ಬದಲಿಸಲು ನಡುವೆ ನಿಲ್ಲಿಸಬೇಕೋ ಬೇಡವೋ, ಮೊದಲಿಂದಲೇ ನುಗ್ಗಬೇಕೋ ಕಾಯಬೇಕೋ. ಸಂದೇಶ ಬಾರದಿದ್ದರೆ ಆ ಕಾರು ಎಚ್ಚರಿಕೆಯ ಓಟ ಓಡುತ್ತದೆ. ಉಳಿದದ್ದು ಕವಡೆಯ ಕೆಲಸ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಕಾರು ಅಷ್ಟು ಮುಂದೆ. ನಾಲ್ಕೂ ಬೋರಲು ಬಿದ್ದರೆ ಸೊನ್ನೆ. ಕೊನೆಯ ಸುತ್ತಿನಲ್ಲಿ ಸೊನ್ನೆ ಬಿದ್ದರೆ ಕಾರು ಹೊಗೆಯುಗುಳಿ ರಸ್ತೆಯ ಬದಿಗೆ ನಿಂತಂತೆ. ಬಿದ್ದದ್ದನ್ನೆಲ್ಲ ನಾನು ಕಥೆಯಾಗಿ ಬರೆದು ತಾಣಕ್ಕೆ ಹಾಕುತ್ತಿದ್ದೆ. ವಯಸ್ಸಾದ ಚಾಲಕಿಯ ವೇಗವನ್ನು ವರ್ಷಕ್ಕೊಂದು ಅಂಕಿಯಂತೆ ಇಳಿಸುತ್ತಿದ್ದೆ; ಅವಳು ಓಟ ನಿಲ್ಲಿಸಿದಾಗ ಅವಳ ಸಾಧನೆ ಬರೆದು ಒಂದು ಬೀಳ್ಕೊಡುಗೆ ಪುಟ ಹಾಕುತ್ತಿದ್ದೆ.

ಗಣಕಯಂತ್ರ ಒಂದು ಕ್ಷಣದಲ್ಲಿ ಅಂಕಿ ಎತ್ತಿ ಕೊಡುತ್ತದೆ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನಿಗೆ ಇದನ್ನು ಯಾರೂ ಹೇಳಬೇಕಿಲ್ಲ. ಕವಡೆಯ ಎರಡು ಮಗ್ಗುಲೂ ಸಮನಾಗಿ ಬೀಳುವುದಿಲ್ಲ ಎಂಬುದೂ ನನಗೆ ಗೊತ್ತು. ಆದರೆ ಕೋಣೆಯಲ್ಲಿ ಏನಾದರೊಂದು ಸದ್ದಾಗಬೇಕಿತ್ತು. ವಾರದ ದಿನಗಳಲ್ಲಿ ಹುಬ್ಬಳ್ಳಿಯ ಕಾಲೇಜೊಂದಕ್ಕೆ ಬಸ್ಸಿನಲ್ಲಿ ಹೋಗಿ, ತಾಸಿನ ಲೆಕ್ಕದಲ್ಲಿ ಪಾಠ ಹೇಳಿ ಬರುತ್ತಿದ್ದೆ. ನನ್ನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಭಾನುವಾರ ಖಾನಾವಳಿಯಲ್ಲಿ "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದು ಕೇಳಿದವರಿಗೆ "ಸಾಕ್ರಿ" ಎಂದದ್ದೇ ಎಷ್ಟೋ ಸಲ ಇಡೀ ದಿನದ ಸಂಭಾಷಣೆ.

ಕವಡೆ ನಮ್ಮ ಅಜ್ಜಿಯವು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಅಕ್ಕನ ಮನೆಯಿಂದ ತಂದಿದ್ದೆ. ಅವಳು ಸುಲಭಕ್ಕೆ ಬಿಟ್ಟುಕೊಡಲಿಲ್ಲ.

"ಇವನ್ನ ಒಯ್ದು ಏನ್ ಮಾಡಾಂವ ನೀ?"

"ಆಟಾ ಆಡ್ತೇನಿ."

"ಯಾರ ಜೋಡಿ?"

"ಇದ್ದಾರ ಮಂದಿ. ಕಂಪ್ಯೂಟರದಾಗ."

ವಿವರಿಸಿ ತಪ್ಪು ಮಾಡಿದೆ. ಅವಳು ಗಂಡನ ಕಡೆ ತಿರುಗಿದಳು. "ಕೇಳಿದ್ರೇನು? ಇಲ್ಲದ ಹುಡುಗ್ಯಾರಿಗೆ ಇಲ್ಲದ ಗಾಡಿ ಕೊಟ್ಟು ಓಡಸ್ತಾನಂತ! ಖರೇ ಹುಡುಗಿ ತೋರಸ್ತೇವಿ ಬಾ ಅಂದ್ರ ಬಸ್ ಸಿಗಲಿಲ್ಲ ಅಂತಾನ. ಐದ ಮಿನಿಟಿಗೊಂದ ಬಸ್ ಓಡಾಡೂ ಊರಾಗ ಇವಗೊಬ್ಬಗ ಬಸ್ ಸಿಗೂದಿಲ್ಲ."

ಭಾವ ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಇರಲಿ ಬಿಡ. ಇವನ ಹುಡುಗ್ಯಾರು ಪೆಟ್ರೋಲಿಗೆ ರೊಕ್ಕಾ ಅಂತೂ ಕೇಳೂದಿಲ್ಲ."

ಹೆಂಗಸರೇ ಏಕೆ ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಈಗ ಯಾವುದು ನಿಜವೋ ನನಗೇ ತಿಳಿಯದು. ಗಂಡಸರ ಆಟಗಳು ತಾಣದಲ್ಲಿ ಬೇಕಾದಷ್ಟಿದ್ದವು, ನಿಜವಾದ ಚಾಲಕರ ಹೆಸರೆತ್ತಿ ಅಲ್ಲಿ ಜಗಳಗಳೂ ಅಷ್ಟೇ ಆಗುತ್ತಿದ್ದವು. ಹೋಲಿಸಲು ಯಾರೂ ಇಲ್ಲದ ಒಂದು ಜಾಗ ಬೇಕೆನಿಸಿತ್ತು ಎಂದು ಈಗ ಅನ್ನಿಸುತ್ತದೆ. ಇದೂ ಆಮೇಲೆ ಕಟ್ಟಿಕೊಂಡ ಕಾರಣವಿರಬಹುದು.

ಮೊದಲ ವರ್ಷ ಹತ್ತು ಹನ್ನೆರಡು ಜನ ಆಡುತ್ತಿದ್ದರು, ಬೇರೆ ಬೇರೆ ದೇಶಗಳಿಂದ. ಆಮೇಲೆ ಒಬ್ಬೊಬ್ಬರೇ ಬರುವುದು ನಿಂತಿತು. ಹೋಗುತ್ತೇನೆ ಎಂದು ಯಾರೂ ಹೇಳುವುದಿಲ್ಲ. ಒಂದು ವಾರ ಸಂದೇಶ ಬರುವುದಿಲ್ಲ, ಮರುವಾರವೂ ಇಲ್ಲ. ಅವರ ಚಾಲಕಿಯರನ್ನು ಏನು ಮಾಡಬೇಕು? ಅರ್ಧ ದಾರಿಯಲ್ಲಿ ಇಳಿಸಲು ಮನಸ್ಸಾಗದೆ, ಆ ಅನಾಥ ಕಾರುಗಳನ್ನೂ ನಾನೇ ಓಡಿಸುತ್ತಿದ್ದೆ. ಆದರೂ ಒಂದು ನಿಯಮ ಹಾಕಿಕೊಂಡಿದ್ದೆ: ಸಂದೇಶ ಕಳಿಸುವ ಆಟಗಾರರು ಮೂವರಾದರೂ ಇರಬೇಕು. ಇಬ್ಬರಾದ ದಿನ ಆಟ ಮುಚ್ಚಬೇಕು. ಇಲ್ಲದಿದ್ದರೆ ಅದು ಒಬ್ಬನೇ ಕೂತು ತನ್ನೊಡನೆ ಮಾತಾಡಿಕೊಳ್ಳುವುದಾಗುತ್ತದೆ.

ಕಳೆದ ವರ್ಷದ ಹೊತ್ತಿಗೆ ಸರಿಯಾಗಿ ಮೂವರಿದ್ದರು. ಇಬ್ಬರು ದೂರ ದೇಶದವರು. ಮೂರನೆಯವರು ಬಾಗಲಕೋಟೆ ಕಡೆಯ ಒಬ್ಬ ಹೆಂಗಸು, ಮೊದಲ ದಿನದಿಂದ ಇದ್ದವರು. ಔಷಧಿ ಅಂಗಡಿ ನಡೆಸುತ್ತಾರೆ, ಸ್ಕೂಟಿ ಬಿಟ್ಟು ಬೇರೆ ಏನನ್ನೂ ಓಡಿಸಿಲ್ಲ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಅವರ ದನಿಯನ್ನೂ ಕೇಳಿರಲಿಲ್ಲ. ನಮ್ಮಿಬ್ಬರ ಸಂದೇಶಗಳು ಮಾತ್ರ ಕನ್ನಡದಲ್ಲಿರುತ್ತಿದ್ದವು. ಅವರ ಚಾಲಕಿಯದು ಅರಿಶಿನದ ಬಣ್ಣದ ಕಾರು. ಸೀಸನ್ನಿನ ಕೊನೆಯ ಪಂದ್ಯಕ್ಕೆ ಎರಡು ವಾರವಿರುವಾಗ ಅವರು ಬರೆದರು:

"ಸರ್, ಈ ಸೀಸನ್ನಿಗೆ ನನ್ನ ಹುಡುಗಿ ನಿಲ್ಲಸ್ತಾಳರಿ. ವಯಸ್ಸಾತು. ನೀವು ವರ್ಷಾ ಅಕಿ ವೇಗ ಒಂದೊಂದ ಅಂಕಿ ಇಳಸೂದು ನನಗ ನೋಡಾಕ ಆಗವಲ್ದು. ಅಕಿ ಜೋಡಿ ನಾನೂ ಬಿಡ್ತೇನಿ. ಬೀಳ್ಕೊಡುಗೆ ಪುಟದಾಗ ಒಂದ ಸಾಲು ಮರೀಬ್ಯಾಡ್ರಿ. ಗೆದ್ದ ಪಂದ್ಯ: ಒಂದು."

ಅವರು ಬಿಡುತ್ತಾರೆ ಎಂಬ ಮಾತನ್ನು ನಾನು ಎರಡು ಸಲ ಓದಿದೆ. ಉತ್ತರ ಬರೆದದ್ದು ಮಾತ್ರ ಕೊನೆಯ ಸಾಲಿಗೆ.

"ಯಾವ ಪಂದ್ಯರಿ ಮೇಡಂ? ನಿಮ್ಮ ಹುಡುಗಿ ಒಂದೂ ಗೆದ್ದಿಲ್ಲಲ್ಲ."

"ಮೊದಲನೇ ವರ್ಷದ್ದರಿ. ಸಮುದ್ರದ ದಂಡಿ ಮ್ಯಾಲಿನ ಟ್ರ್ಯಾಕು. ಕೊನೇ ಸುತ್ತಿನ್ಯಾಗ ಮೂರನೇದಾಕಿ ಇದ್ದಾಕಿ ಮುಂದಿನ ಇಬ್ಬರನ್ನೂ ದಾಟಿದ್ಲು. ನೀವಽ ಬರದಿದ್ರಿ."

"ಅದಽ ಸುತ್ತಿನ್ಯಾಗ ಅಕಿ ಗಾಡಿ ನಿಂತಿತ್ರಿ. ಹಿಂದ ಹೊಗಿ ಬಂದು. ಅಂಕಪಟ್ಟಿಯೊಳಗೂ ಸೊನ್ನೆ ಇತ್ತಲ್ಲ?"

"ಅಂಕಪಟ್ಟಿ ನಾ ಒಂದ ದಿನಾನೂ ನೋಡಿಲ್ಲರಿ. ನಾ ಓದೂದು ಕಥಿ. ಹೊಗಿ ಬಂದಾಕಿ ಬ್ಯಾರೆ ಯಾರರೆ ಇರಬೇಕು, ನೆನಪ ಮಾಡ್ಕೊಳ್ರಿ."

ನೆನಪು ಮಾಡಿಕೊಂಡೆ. ಹೊಗೆ ಕಂಡಿತು. ಬಿಳಿಯ ಹೊಗೆ, ಎಡಗಡೆ ಸಮುದ್ರ. ಆದರೆ ನಾನು ಎಂದೂ ನೋಡದ ಹೊಗೆ, ಇಲ್ಲದ ಸಮುದ್ರ; ಅದು ಕಂಡಿತು ಎಂದರೆ ಏನರ್ಥ? ಮೊದಲ ವರ್ಷ ನಾವಿದ್ದ ಹಳೆಯ ತಾಣ ಮುಚ್ಚಿಹೋಗಿ, ಅಲ್ಲಿ ಬರೆದದ್ದೆಲ್ಲ ಅಳಿಸಿಹೋಗಿತ್ತು. ನಾನು ಏನನ್ನೂ ಉಳಿಸಿಕೊಂಡಿರಲಿಲ್ಲ. ಉಳಿದ ಇಬ್ಬರನ್ನು ಕೇಳಿದೆ. ಹಳದಿ ಕಾರು ಗೋಡೆಗೆ ಬಡಿಯಿತು ಎಂದು ಒಬ್ಬ ಬರೆದ. ಎರಡನೆಯ ಸ್ಥಾನ ಬಂದಿತ್ತು, ಖಂಡಿತ, ಎಂದು ಇನ್ನೊಬ್ಬ. ನಾಲ್ಕು ಜನ, ನಾಲ್ಕು ಪಂದ್ಯ. ಎಲ್ಲರಿಗೂ ಖಂಡಿತ.

ಬಾಗಲಕೋಟೆ ಕಡೆಯ ಆ ಹೆಂಗಸಿಗೆ ಬರೆದೆ: "ಆಧಾರ ಇಲ್ಲದ ಬರಿಯಾಕ ಆಗೂದಿಲ್ಲರಿ." ಕಳಿಸಿದ ಮೇಲೆ ಸರಿಯಾದದ್ದನ್ನೇ ಮಾಡಿದೆ ಎನಿಸಿತು. ಅವರ ಉತ್ತರ ಬರಲಿಲ್ಲ.

ಕೊನೆಯ ಪಂದ್ಯದ ಭಾನುವಾರ ಬಂತು. ಅವರಿಂದ ಟೈರಿನ ಸಂದೇಶವೂ ಇಲ್ಲ. ನಿಯಮದ ಪ್ರಕಾರ ಹಳದಿ ಕಾರನ್ನು ಎಚ್ಚರಿಕೆಯ ಓಟ ಓಡಿಸಿ ಮುಗಿಸಬಹುದಿತ್ತು. ಚಾಪೆ ಹಾಸಿದೆ. ಕವಡೆ ಕೈಗೆತ್ತಿಕೊಂಡು ಕುಲುಕಿದೆ. ಹೋದವರೆಲ್ಲ ಹೀಗೆಯೇ ಹೋಗಿದ್ದರು, ಸಂದೇಶ ಕಳಿಸದೆ. ಇವರೂ ಹಾಗೆಯೇ ಹೋಗಿದ್ದರೆ ಹಳದಿ ಕಾರು ಇನ್ನೊಂದು ಅನಾಥ ಕಾರು, ಅಷ್ಟೇ. ಕವಡೆ ಕೆಳಗಿಟ್ಟು ತಾಣದಲ್ಲಿ ಬರೆದೆ: ಭಾರಿ ಮಳೆಯ ಕಾರಣ ಪಂದ್ಯವನ್ನು ಮುಂದಿನ ಭಾನುವಾರಕ್ಕೆ ಮುಂದೂಡಲಾಗಿದೆ. ಇಷ್ಟು ವರ್ಷಗಳಲ್ಲಿ ಅಂಥ ಮಳೆ ಸುರಿಸಿದ್ದು ಅದೇ ಮೊದಲು. ಕಿಟಕಿಯ ಹೊರಗೆ ಚುರುಕು ಬಿಸಿಲಿತ್ತು.

ಕೋಣೆಯಲ್ಲಿ ಕೂರಲಾಗಲಿಲ್ಲ. ಬಸ್ಸು ಹತ್ತಿ ಬೆಂಗೇರಿಗೆ ಹೋದೆ.

ಅಕ್ಕ ಪಕ್ಕದ ಮನೆಯ ಹೆಂಗಸಿನ ಜೊತೆ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು ಚೌಕಾಬಾರಾ ಆಡುತ್ತಿದ್ದಳು. ಕವಡೆಯ ಬದಲು ಹುಣಸೆ ಬೀಜ. ಒಂದು ಮಗ್ಗುಲು ತಿಕ್ಕಿ ಬೆಳ್ಳಗೆ ಮಾಡಿದ್ದರು, ಇನ್ನೊಂದು ಕಪ್ಪು.

"ನೋಡವಾ, ಕವಡಿ ಕಳ್ಳ ಬಂದ," ಎಂದಳು ಅಕ್ಕ. "ಬಸ್ ಸಿಕ್ತೇನೋ? ಬಾ, ನನ್ನ ಪಾಳಿ ನೀ ಹಾಕು. ಮುಂಜಾನಿಂದ ನನ್ನ ಕೈಯಾಗ ಒಂದಽ ಬೀಳಾಕತ್ತೇತಿ."

ಅವಳ ಬದಲು ನಾನು ಬೀಜ ಎಸೆದೆ. ನಾಲ್ಕೂ ಕಪ್ಪು.

"ಎಂಟು," ಎಂದೆ.

ಅಕ್ಕ ಆಗಲೇ ಕಾಯಿ ನಡೆಸಿ, ಪಕ್ಕದ ಮನೆಯವಳ ಕಾಯಿ ಕಡಿದು, ಕೈ ತಟ್ಟಿದ್ದಳು. "ಅಣ್ಣಾರ, ನೀವು ಧಾರವಾಡದಾಗಽ ಇರಬೇಕಿತ್ತು ನೋಡ್ರಿ," ಎಂದು ಪಕ್ಕದ ಮನೆಯವಳು ಗೊಣಗಿದಳು. "ಇನ್ನೊಮ್ಮೆ ಹಾಕೋ," ಎಂದು ಅಕ್ಕ ಬೀಜಗಳನ್ನು ನನ್ನ ಅಂಗೈಗೆ ಸುರಿದಳು. "ಎಂಟು ಬಿದ್ರ ಮತ್ತೊಂದ ಆಟಾ."

ನಾನು ಹಾಕದೆ ಕೂತಿದ್ದೆ. ಎಣಿಸಿ ಹೇಳಿದ್ದಲ್ಲ ಅದು. ಎಣಿಸುವ ಮೊದಲೇ ಬಾಯಿಂದ ಬಂದದ್ದು. ನಮ್ಮ ಅಜ್ಜಿ ಕಲಿಸಿದ ಲೆಕ್ಕದಲ್ಲಿ ನಾಲ್ಕೂ ಬೋರಲು ಬಿದ್ದರೆ ಸೊನ್ನೆಯಲ್ಲ, ಎಂಟು; ಅದಕ್ಕಿಂತ ದೊಡ್ಡ ಗರ ಇಲ್ಲ. ಸೊನ್ನೆ ಎಂಬುದು ನಾನು ತಾಣದ ಆಟಕ್ಕಾಗಿ ಬರೆದ ನಿಯಮ.

ಹಾಗಾದರೆ ಮೊದಲ ವರ್ಷದ ಆ ಮಧ್ಯಾಹ್ನ, ಹೊಸ ನಿಯಮ ಇನ್ನೂ ಕೈಗೆ ಕೂರದಿದ್ದಾಗ, ಕೊನೆಯ ಸುತ್ತಿನಲ್ಲಿ ಹಳದಿ ಕಾರಿಗೆ ನಾಲ್ಕೂ ಬೋರಲು ಬಿದ್ದಿದ್ದರೆ? ಪಂದ್ಯ ನಡೆಯುತ್ತಿರುವಾಗ ನಾನು ಸುತ್ತು ಸುತ್ತಿಗೂ ಬರೆದು ಹಾಕುತ್ತಿದ್ದೆ. ಮರುದಿನ ಎಲ್ಲವನ್ನೂ ತಿದ್ದಿ ಪೂರ್ತಿ ವರದಿ ಹಾಕುತ್ತಿದ್ದೆ. ಮಧ್ಯಾಹ್ನ ಎಂಟು ಎಂದು ಗೆಲ್ಲಿಸಿ, ಮರುದಿನ ಸೊನ್ನೆ ಎಂದು ನಿಲ್ಲಿಸಿರಬಹುದು. ಅವರು ಓದಿದ್ದು ಮಧ್ಯಾಹ್ನದ್ದು. ನಾನು ನೆನಪಿಟ್ಟದ್ದು ಮರುದಿನದ್ದು.

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಂಡಿತು: ಚಾಪೆಯ ಅಂಚು, ಅಲ್ಲಿ ನಾಲ್ಕು ಕವಡೆಗಳ ಉಬ್ಬಿದ ಬೆನ್ನು, ನಾನು "ಎಂಟು" ಎಂದು ಜೋರಾಗಿ ಹೇಳಿದ್ದು. ಅಷ್ಟು ಸ್ಪಷ್ಟವಾಗಿ ಕಂಡದ್ದೇ ನನಗೆ ಅನುಮಾನ ತಂದಿತು. ಅಕ್ಕನ ಕಟ್ಟೆಗೆ ಹೋಗುವ ಮೊದಲು ಇದರಲ್ಲಿ ಒಂದು ಚೂರೂ ನೆನಪಿರಲಿಲ್ಲ. ಹುಣಸೆ ಬೀಜ ನೋಡಿದ ಮೇಲೆ ಹುಟ್ಟಿದ ನೆನಪಿಗೆ ಕವಡೆಯ ಆಕಾರ ಬಂದಿರಬಹುದಲ್ಲ? ಅವರನ್ನು ಆಟದಲ್ಲಿ ಉಳಿಸಿಕೊಳ್ಳಬೇಕೆಂದು ಮನಸ್ಸು ಅನುಕೂಲದ ಸಾಕ್ಷಿಯನ್ನು ಎಬ್ಬಿಸಿ ತಂದಿರಬಹುದು. ನನ್ನ ವಿದ್ಯಾರ್ಥಿ ಇಂಥ ಆಧಾರ ತಂದಿದ್ದರೆ ನಾನು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ.

ಈ ಅನುಮಾನವನ್ನೂ ಸೇರಿಸಿ ಎಲ್ಲವನ್ನೂ ಅವರಿಗೆ ಬರೆದೆ. ಕವಡೆಯ ವಿಷಯ ಅದುವರೆಗೆ ಆಟಗಾರರಲ್ಲಿ ಯಾರಿಗೂ ಹೇಳಿರಲಿಲ್ಲ. ಬಿಡಬೇಡಿ ಎಂದು ಒಂದು ಸಾಲು ಬರೆದು ಅಳಿಸಿದೆ.

ನಾಲ್ಕೈದು ದಿನ ಏನೂ ಬರಲಿಲ್ಲ. ಪಾಠದ ನಡುವೆ ಕಿಸೆಯಲ್ಲಿ ಫೋನು ನಡುಗಿದಂತಾಗಿ ತೆಗೆದು ನೋಡುತ್ತಿದ್ದೆ, ಏನೂ ಇರುತ್ತಿರಲಿಲ್ಲ. ಶನಿವಾರ ಸಂಜೆ ಸಂದೇಶ ಬಂತು.

"ಮೆತ್ತನ ಟೈರು. ಎಲ್ಲೂ ನಿಲ್ಲೂದು ಬ್ಯಾಡ. ಮೊದಲಿಂದಽ ನುಗ್ಗಲಿ."

ಅದು ತಪ್ಪು ಲೆಕ್ಕಾಚಾರ. ಮೆತ್ತನೆಯ ಟೈರು ವೇಗ ಕೊಡುತ್ತದೆ, ಆದರೆ ನಡುವೆ ಬದಲಿಸದಿದ್ದರೆ ಕೊನೆಯವರೆಗೆ ಬಾಳುವುದಿಲ್ಲ. ಅವರಿಗೂ ಗೊತ್ತಿತ್ತು. ಭಾನುವಾರ ನಾನು ಒಂದೊಂದೇ ಸಲ ಕವಡೆ ಎಸೆದೆ. ಹಳದಿ ಕಾರು ಪಂದ್ಯದ ಅರ್ಧದವರೆಗೆ ಎಲ್ಲರಿಗಿಂತ ಮುಂದಿತ್ತು. ಆಮೇಲೆ ಒಬ್ಬಳು ದಾಟಿದಳು, ಇನ್ನೊಬ್ಬಳು, ಮತ್ತೊಬ್ಬಳು. ಕೊನೆಯ ಸುತ್ತಿನಲ್ಲಿ ಅವಳಿಗೆ ಬಿದ್ದದ್ದು ಎರಡು. ನಾಲ್ಕನೆಯ ಸ್ಥಾನ. ಇದ್ದದ್ದನ್ನು ಇದ್ದ ಹಾಗೆಯೇ ಬರೆದೆ, ಆದರೆ ಎಂದಿಗಿಂತ ಉದ್ದವಾಗಿ. ಗೆದ್ದವಳ ಬಗ್ಗೆ ಎರಡೇ ಸಾಲು ಬರೆದದ್ದಕ್ಕೆ ಅವಳನ್ನು ಹುಟ್ಟಿಸಿದವ ಆಮೇಲೆ ತಕರಾರು ಮಾಡಿದ.

ಬೀಳ್ಕೊಡುಗೆ ಪುಟದಲ್ಲಿ ಗೆದ್ದ ಪಂದ್ಯದ ಮುಂದೆ ಜಾಗ ಖಾಲಿ ಬಿಟ್ಟು, ಏನು ಬರೆಯಲಿ ಎಂದು ಅವರನ್ನು ಕೇಳಿದೆ.

"ಸರ್, ನಿಮ್ಮ ಮನ್ಯಾಗ ನಾಕೂ ಬೋರಲ ಬಿದ್ರ ಎಂಟಽ ಅಲ್ಲರಿ?"

"ಹೌದ್ರಿ."

"ನಮ್ಮ ಮನ್ಯಾಗೂ ಎಂಟರಿ."

"ಗೆದ್ದ ಪಂದ್ಯ: ಒಂದು" ಎಂದು ಬರೆದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಆಧಾರ: ಆಯೋಜಕನ ನೆನಪು, ನಂಬತಕ್ಕದ್ದಲ್ಲ, ಎಂದು ಸೇರಿಸಿದೆ. ಅವರು ನೋಡಿದ ಗುರುತು ಬಿತ್ತು. ನಕ್ಕಿರಬಹುದು. ಅದು ನಾನು ಅಂದುಕೊಂಡದ್ದು. ಅವರ ಕಡೆಯಿಂದ ಮತ್ತೆ ಏನೂ ಬರಲಿಲ್ಲ.

ಉಳಿದವರು ಇಬ್ಬರು. ನಿಯಮ ನಾನೇ ಹಾಕಿದ್ದು. ತಾಣದಲ್ಲಿ ಆಟ ಮುಗಿಯಿತೆಂದು ಬರೆದು, ಕವಡೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬೆಂಗೇರಿಗೆ ಹೋಗಿ ಅಕ್ಕನಿಗೆ ಕೊಟ್ಟೆ. ಅವಳು ಬಿಚ್ಚಿ ಎಣಿಸಿ ನೋಡಿದಳು.

"ಆಟಾ ಮುಗೀತೇನು?"

"ಮುಗೀತು."

"ಯಾರ ಗೆದ್ರು?"

"ಹಳದಿ ಗಾಡ್ಯಾಕಿ."

"ಛಲೋ ಆತು ಬಿಡು," ಎಂದಳು ಅಕ್ಕ, ನಿಜವಾಗಿ ಯಾರೋ ಗೆದ್ದಂತೆ. ಒಳಗೆ ಹೋಗಿ ಕವಡೆ ಇಟ್ಟು ಬಂದಳು. "ಇನ್ನ ಐತಾರಕ್ಕ ಏನ್ ಮಾಡಾಂವ ನೀ? ಇಲ್ಲೇ ಬಾ. ನಮಗೂ ಆಟಕ್ಕ ಮಂದಿ ಸಾಲವಲ್ರು."

"ನೋಡೋಣು," ಎಂದೆ.

"ಹೂಂ," ಎಂದಳು ಅಕ್ಕ. "ಬಸ್ ಸಿಗಬೇಕಲ್ಲ."