ಜೋಳ ಕೇಳಿದರೆ ಬಾಟಲಿ ತಂದರು

ಗೆಳೆಯರೇ, ನಾವಿಬ್ಬರೂ ಇಂಗ್ಲಿಷ್ ಕಲಿಸಲೆಂದು ಚೀನಾದ ಈ ಊರಿಗೆ ಬಂದು ಇಂದಿಗೆ ಎಂಟು ದಿನ. ಜೋಳದ ಸೀಮೆಯ ಟಿಕೋಟಾದವಳಾದ ನನ್ನ ಹೆಂಡತಿ ಇಂದೂ ಬೆಳಿಗ್ಗೆ ಎದ್ದವಳೇ ಹೇಳಿದಳು: "ರೊಟ್ಟಿ ಸಿಗಲಾರದ ಊರಾಗ ನಾ ಇರಂಗಿಲ್ರಿ. ನನ್ನ ತಿಕೀಟ ತಗಸ್ರಿ."

ಮಧ್ಯಾಹ್ನ ಇಬ್ಬರೂ ಪೇಟೆಗೆ ಹೋದೆವು. ಒಂದು ದಿನಸಿ ಅಂಗಡಿಗೆ ಹೊಕ್ಕು ಮೊಬೈಲಿನಲ್ಲಿ ಜೋಳದ ತೆನೆಯ ಚಿತ್ರ ತೋರಿಸಿದೆ. ಅಂಗಡಿಯ ಮುದುಕಿ ನಕ್ಕು ಒಂದು ಬಾಟಲಿ ತಂದಿಟ್ಟಳು. ಹೆಂಡತಿ ಮೂಸಿ ನೋಡಿದಳು.

"ಯಪ್ಪಾ, ಜ್ವಾಳದಾಗ ಸೆರೆ ಕಾಸ್ಯಾರ! ಇವರಿಗೆ ತಿನ್ನಾಕ ಬರೂದಿಲ್ಲೇನ್ರಿ?"

ಮದ್ಯದ ಬಾಟಲಿ ಸರಿಸಿ, ಗಲ್ಲಾದ ಮೇಲೆ ಅಂಗೈಯಿಂದ ಪಟಪಟ ರೊಟ್ಟಿ ಬಡಿದು ತೋರಿಸಿದಳು. ಮುದುಕಿಗೆ ಅರ್ಥವಾಯಿತು. ಒಳಗಿನಿಂದ ಕೆಂಪು ಜೋಳದ ಹಿಟ್ಟು ತಂದು ಏನೋ ಹೇಳಿದಳು. ಮೊಬೈಲು ಅನುವಾದಿಸಿತು: "ಎಪ್ಪತ್ತರ ದಶಕದಲ್ಲಿ ದಿನವೂ ಇದನ್ನೇ ತಿಂದು ಬೇಸತ್ತಿದ್ದೆವು. ಪಾಪ, ನಿಮಗೆ ಅಕ್ಕಿ ಕೊಳ್ಳಲು ಆಗುವುದಿಲ್ಲವೇ?"

"ಅನ್ನ ಜಡ್ಡಾದಾಗ ಉಣ್ತೇವಿ, ಆಯಿ," ಎಂದು ಹೆಂಡತಿ ಅಚ್ಚ ಕನ್ನಡದಲ್ಲೇ ಉತ್ತರಿಸಿ ನನ್ನತ್ತ ತಿರುಗಿದಳು. "ಹತ್ತು ಕಿಲೋ ತಗೊಳ್ರಿ. ಮುಗದ ಮ್ಯಾಲ ಮತ್ತ ಬರೂಣು."

ಅವಳನ್ನು ಉಳಿಸಿಕೊಳ್ಳಲು ನಮ್ಮ ಪ್ರಿನ್ಸಿಪಾಲರು ವಾರವಿಡೀ ಸಂಬಳ, ಮನೆ, ರಜೆ ಎಂದು ವಿವರಿಸಿದ್ದರು. ಜೋಳದ ಮಾತನ್ನು ಮಾತ್ರ ಎತ್ತಿರಲಿಲ್ಲ.